ಬೆಳ್ಳಿ ಎಲೆಯ ಬಾಗಿಲು

ಮೂವತ್ತೊಂದು ವರ್ಷ ನಾನು ಬಾಗಿಲು ಹಾಕಿ ಸಂಬಳ ತೆಗೆದುಕೊಂಡವಳು. ಹೀಗೆಂದರೆ ಕೇಳಿದವರು ನಗುತ್ತಾರೆ. ನಗಲಿ. ನಮ್ಮ ಕಾರು ಕಾರ್ಖಾನೆಯಲ್ಲಿ ಲೈನು ಮುಗಿಯುವ ಕಡೆ ಒಂದು ಕೋಣೆ ಇತ್ತು. ಹೊರಗಿನ ಗದ್ದಲ ಒಳಗೆ ಬಾರದ ಹಾಗೆ ಮೂರು ಗೋಡೆಗೆ ಸ್ಪಂಜು ಹೊದಿಸಿ, ಒಂದಕ್ಕೆ ದಪ್ಪ ಗಾಜು ಹಾಕಿದ್ದರು. ಒಂದೊಂದೇ ಕಾರು ಒಳಗೆ ಬರುತ್ತಿತ್ತು. ನಾನು ನಾಲ್ಕೂ ಬಾಗಿಲು ತೆಗೆದು, ಹಾಕಿ, ಸದ್ದು ಕೇಳಿ, ಸರಿಯಿದ್ದರೆ ಅದರ ಚೀಟಿಯ ಮೇಲೆ ನನ್ನ ಹದಿನೇಳನೇ ನಂಬರಿನ ಮುದ್ರೆ ಒತ್ತುತ್ತಿದ್ದೆ. ಮುದ್ರೆ ಬೀಳದ ಕಾರು ಕಾರ್ಖಾನೆಯ ಅಂಗಳ ದಾಟುವಂತಿರಲಿಲ್ಲ. ಎಲ್ಲರೂ ನನ್ನನ್ನು ಬಾಗಿಲಮ್ಮ ಎನ್ನುತ್ತಿದ್ದರು.

ಒಳ್ಳೆಯ ಬಾಗಿಲು ಒಂದೇ ಮಾತು ಆಡಿ ಸುಮ್ಮನಾಗುತ್ತದೆ: ಧಪ್. ಕೆಟ್ಟ ಬಾಗಿಲು ಠಣ್ ಎಂದು, ಆಮೇಲೂ ಸ್ವಲ್ಪ ಹೊತ್ತು ಗೊಣಗುತ್ತದೆ. ಕಾಲೇಜಿನಲ್ಲಿ ಕಂಪನದ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವಳು ನಾನು. ಆದರೂ ಇದನ್ನು ಕಲಿಸಿದ್ದು ಆ ಕೋಣೆಯ ಮೂಲೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿಟ್ಟಿದ್ದ ಒಂಟಿ ಬಾಗಿಲು. ಅದಕ್ಕೆ ಮಾದರಿ ಬಾಗಿಲು ಎನ್ನುತ್ತಿದ್ದೆವು. ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಅದನ್ನು ಮೂರು ಸಲ ಹಾಕಿ ಕೇಳಬೇಕು. ಆ ದಿನದ ಬಾಗಿಲುಗಳೆಲ್ಲ ಅದರ ಹಾಗೆ ಮಾತಾಡಬೇಕು. ಅದರ ಒಳಮೈಯಲ್ಲಿ, ಎಲ್ಲರಿಗಿಂತ ಹಿರಿಯ ತಪಾಸಕಿ ಬಣ್ಣದ ಪೆನ್ನಿನಿಂದ ಸಹಿ ಹಾಕಿರಬೇಕು ಎಂಬುದು ನಿಯಮ. ಹನ್ನೆರಡು ವರ್ಷದಿಂದ ಅಲ್ಲಿ ಇದ್ದದ್ದು ನನ್ನ ಸಹಿ.

ಬಾಗಿಲಿನ ದನಿ ಇರುವುದು ತಗಡಿನಲ್ಲಲ್ಲ. ಒಳಗೆ ಅಂಟಿಸುವ ಒಂದು ದಪ್ಪ ಕಪ್ಪು ಹಾಳೆ, ಅಂಚಿಗೆ ಸುತ್ತಿದ ಎರಡು ಸಾಲು ರಬ್ಬರು, ಅಷ್ಟೇ. ಹಾಳೆ ಅಂಟಿಸುವ ಹೆಂಗಸಿಗೆ ಲೈನಿನವರು ಗೋಂದಮ್ಮ ಎಂದು ಹೆಸರಿಟ್ಟಿದ್ದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಮ್ಮಿಬ್ಬರ ನಡುವೆ ಯಾವ ಪುಸ್ತಕದಲ್ಲೂ ಬರೆಯದ ಒಂದು ಒಪ್ಪಂದ ಇತ್ತು. ಹಾಳೆಯ ಪೆಟ್ಟಿಗೆ ಖಾಲಿಯಾಗಿ ಹೊಸದು ಬರುವುದು ತಡವಾದರೆ ಅವಳು ಲೈನು ನಿಲ್ಲಿಸುತ್ತಿರಲಿಲ್ಲ. ಹಾಳೆಯಿಲ್ಲದೆಯೇ ನಾಲ್ಕಾರು ಕಾರು ಮುಂದೆ ಬಿಡುತ್ತಿದ್ದಳು. ನಾನು ಸದ್ದು ಕೇಳಿ ವಾಪಸು ಕಳಿಸುತ್ತಿದ್ದೆ. ಅಷ್ಟರಲ್ಲಿ ಪೆಟ್ಟಿಗೆ ಬಂದಿರುತ್ತಿತ್ತು. "ನನ್ನ ಕೈ ಮರೆತ್ರೂ ನಿಮ್ಮ ಕಿವಿ ಮರೆಯಲ್ಲ ಬಿಡಿ ಅಕ್ಕಾ," ಎನ್ನುತ್ತಿದ್ದಳು.

ನಮ್ಮ ಕಂಪನಿಯ ಕಾರನ್ನು ಕೊಳ್ಳುತ್ತಿದ್ದವರು ಮೇಷ್ಟರು, ದಾದಿಯರು, ಸಣ್ಣ ಅಂಗಡಿಯವರು. ಕೆಡದ ಕಾರು ಎಂದು ಹೆಸರಿತ್ತು. ಹಣವಂತರಿಗೆ ಆ ಹೆಸರೇ ಕಷ್ಟವಾಗಿತ್ತಂತೆ: ತಮ್ಮ ಮಕ್ಕಳಿಗೆ ಪಾಠ ಹೇಳುವ ಮೇಷ್ಟರ ಕಾರಿನ ಪಕ್ಕದಲ್ಲಿ ಅದೇ ಗುರುತಿನ ಕಾರು ನಿಲ್ಲಿಸುವುದು ಹೇಗೆ? ಅದಕ್ಕೆ ಕಂಪನಿ ಹೊಸ ಹೆಸರು, ಹೊಸ ಅಂಗಡಿ, ಹೊಸ ಗುರುತು ಮಾಡಿತು. ಕಾರಿನ ಮೂತಿಯ ಮೇಲೊಂದು, ಹಿಂದೊಂದು, ಅಂಗೈಯಗಲದ ಬೆಳ್ಳಿ ಎಲೆ. ಒಳಗೆ ಚರ್ಮದ ಸೀಟು, ಮರದ ಪಟ್ಟಿ. ಮೈ, ಚಕ್ರ, ಬಾಗಿಲು ಎಲ್ಲ ಅವವೇ. ಬೆಲೆ ಹತ್ತಿರ ಹತ್ತಿರ ಎರಡರಷ್ಟು. ಒಂದೇ ಲೈನಿನಲ್ಲಿ ಎರಡೂ ಹಿಂದೆಮುಂದೆ ಬರುತ್ತಿದ್ದವು.

"ಅದೇ ಹಾಲು, ಬೆಳ್ಳಿ ಲೋಟ," ಎಂದಳು ಗೋಂದಮ್ಮ ಮೊದಲ ದಿನ.

"ಲೋಟಕ್ಕೂ ಬೆಲೆ ಇರುತ್ತೆ ಕಣೇ," ಎಂದೆ ನಾನು. ಆಗ ನನಗೆ ಅದರ ಮೇಲೆ ಯಾವ ಸಿಟ್ಟೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಅಳಿಯ ಹೊಸ ಅಂಗಡಿಯಲ್ಲೇ ಮಾರಾಟದ ಕೆಲಸಕ್ಕೆ ಸೇರಿದ್ದರು. ಮಗಳು ಅವರ ಹೊಸ ಕೋಟಿಗೆ ತಾನೇ ಇಸ್ತ್ರಿ ಹಾಕುತ್ತಿದ್ದಳು. ನನಗೂ ಒಳಗೊಳಗೇ ಹೆಮ್ಮೆ.

ಒಂದು ಬುಧವಾರ ಚಹಾದ ಹೊತ್ತಿಗೆ ಗೋಂದಮ್ಮ ನನ್ನ ಪಕ್ಕ ಬಂದು ಕೂತಳು. ಲೋಟವನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದಳು, ಕುಡಿಯಲಿಲ್ಲ. ಸುತ್ತ ಇದ್ದವರು ಎದ್ದು ಹೋಗುವವರೆಗೆ ಕಾದಳು.

"ಅಕ್ಕಾ, ನಿನ್ನೆ ಮಧ್ಯಾಹ್ನ ಹಾಳೆ ಮುಗಿದಿತ್ತು. ಹನ್ನೊಂದು ಕಾರು ಹಂಗೇ ಬಿಟ್ಟೆ."

"ಗೊತ್ತು. ವಾಪಸು ಕಳಿಸಿದ್ನಲ್ಲ."

"ಆರು ಬಂತು ಅಕ್ಕ."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ.

"ಬಂದ ಆರೂ ಹಳೇ ಹೆಸರಿನ ಕಾರು. ಬರದೇ ಇದ್ದ ಐದೂ ಬೆಳ್ಳಿದು. ಲೆಕ್ಕ ತಪ್ಪಿದೆನೋ ಅಂತ ರಾತ್ರಿಯೆಲ್ಲ ಯೋಚಿಸ್ದೆ. ಯಾರಿಗೂ ಹೇಳಿಲ್ಲ."

ಅಂಗಳಕ್ಕೆ ಹೋದೆವು. ಐದು ಕಾರೂ ಸಾಲಾಗಿ ನಿಂತಿದ್ದವು, ಚೀಟಿಗಳ ಮೇಲೆ ನನ್ನ ಹದಿನೇಳು. ಬಾಗಿಲು ಹಾಕಿದೆ. ಧಪ್ ಎಂದಿತು. ಅಥವಾ ಹಾಗೆಂದುಕೊಂಡೆ. ಗೋಂದಮ್ಮ ಮೆಲ್ಲಗೆ, "ಕಣ್ಣು ಮುಚ್ಕೊಂಡು ಹಾಕಿ ಅಕ್ಕ," ಎಂದಳು. ಮುಚ್ಚಿ ಹಾಕಿದೆ. ಖಾಲಿ ಬಿಸ್ಕತ್ತಿನ ಡಬ್ಬಿ! ಠಣ್ ಎಂದು, ಆಮೇಲೆ ಗೊಣಗು. ಕಣ್ಣು ಬಿಟ್ಟೆ, ಬೆಳ್ಳಿ ಎಲೆ ಹೊಳೆಯಿತು, ಡಬ್ಬಿಯ ಸದ್ದು ಮತ್ತೆ ಅರ್ಧ ಮಾಯ. ಆ ಎಲೆ ನನ್ನ ಕಿವಿಗೆ ಹತ್ತಿ ತುರುಕಿತ್ತು. ಅದೂ ನನ್ನ ಕಿವಿಗೆ!

ಗೋಂದಮ್ಮ ನನ್ನ ಕೈಯಿಂದ ಚೀಟಿಗಳನ್ನು ತೆಗೆದುಕೊಂಡು, "ನಾನು ಮರೆತೆ ಅಂತ ಬರೀತೀನಿ, ನನ್ನ ಮೇಲೇ ಇರ್ಲಿ," ಎಂದಳು.

"ಬೇಡ ಕಣೇ. ಮುದ್ರೆ ನಂದು."

ತಪ್ಪು ಬರೆಯುವ ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಬೆಳ್ಳಿ ಗುರುತು ಕಣ್ಣಿಗೆ ಬಿದ್ದಾಗ ತಪಾಸಕಿಯ ಕಿವಿ ಮೋಸಹೋಯಿತು, ಗುರುತಿಲ್ಲದ ಆರರಲ್ಲಿ ಮೋಸಹೋಗಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಓದಿ ತಲೆ ಕೆರೆದುಕೊಂಡರು. ಯಾವ ಮಾತಿಗೂ "ಮೆಲ್ಲಗೆ, ಮೆಲ್ಲಗೆ" ಎನ್ನುವ ಅವರಿಗೆ ಮೆಲ್ಲಗಣ್ಣ ಎಂದೇ ಹೆಸರು. "ಇಷ್ಟೆಲ್ಲ ಬರೀಬೇಕಾ ಅಮ್ಮ? ಮೆಲ್ಲಗೆ ಐದೂ ವಾಪಸು ತರಿಸಿದ್ರೆ ಆಗ್ತಿತ್ತಲ್ಲ," ಎಂದರು. ಆದರೂ ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಅಳಿಸದೆ ಮೇಲಕ್ಕೆ ಕಳಿಸಿದರು.

ಬೈಗುಳ ಬರುತ್ತದೆಂದು ಎರಡು ವಾರ ಕಾದೆ. ಬಂದದ್ದು ಮುಖ್ಯ ಕಚೇರಿಯ ಒಬ್ಬ ಅಧಿಕಾರಿ. ಹೊಸ ಗುರುತಿನ ಜವಾಬ್ದಾರಿಯೆಲ್ಲ ಆಕೆಯದೇ. ನಾವು ಬೆಳ್ಳಿ ಮೇಡಂ ಎನ್ನುತ್ತಿದ್ದೆವು. ನಲವತ್ತರ ಆಸುಪಾಸು, ಚುರುಕು ಕಣ್ಣು. ತಾನು ಕೂರುವ ಮೊದಲು ನನಗೆ ಕುರ್ಚಿ ಎಳೆದುಕೊಟ್ಟಳು. ಅದನ್ನು ನಾನು ಮರೆತಿಲ್ಲ.

"ನಿಮ್ಮ ಕಾಗದ ಓದಿ ಎಷ್ಟು ಖುಷಿಯಾಯ್ತು ಗೊತ್ತಾ ಅಮ್ಮ?"

"ನಾನು ಬರೆದಿದ್ದು ತಪ್ಪೊಪ್ಪಿಗೆ. ಮದುವೆ ಕಾಗದ ಅಲ್ವಲ್ಲ."

ಜೋರಾಗಿ ನಕ್ಕಳು. "ಮೂವತ್ತು ವರ್ಷದ ಕಿವಿಗೇ ಎಲೆ ಕಂಡ ಕೂಡ್ಲೇ ಧಪ್ ಅಂತ ಕೇಳಿಸ್ತು ಅಂದ್ರೆ ಬೇರೆಯವರ ಪಾಡೇನು? ಗುರುತಿನ ಶಕ್ತಿ ಅಂದ್ರೆ ಇದು. ಇಷ್ಟು ದಿನ ನಾನು ಬಾಯಲ್ಲಿ ಹೇಳ್ತಿದ್ದೆ, ನೀವು ರುಜುವಾತು ಮಾಡಿದ್ರಿ."

"ಮಾಡಿದ್ದಾಯ್ತಲ್ಲ. ಇನ್ನೇನು ಆಗ್ಬೇಕು?"

ಆಕೆ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ನಲವತ್ತು ಜನ ಗಿರಾಕಿಗಳನ್ನು ಕರೆಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಎರಡೂ ಕಾರಿನ ಬಾಗಿಲು ಹಾಕಿಸಿದ್ದರಂತೆ. ಒಬ್ಬರಿಗೂ ಯಾವುದು ಯಾವುದೆಂದು ಖಚಿತವಾಗಿ ಹೇಳಲಾಗಲಿಲ್ಲ. ಕಣ್ಣು ಬಿಚ್ಚಿದ ಮೇಲೆ ಎಲ್ಲರೂ ಬೆಳ್ಳಿ ಕಾರಿನ ಸದ್ದೇ ಗಂಭೀರ ಎಂದರಂತೆ. "ನಾಳೆ ಯಾವನೋ ಪತ್ರಿಕೆಯವನು ಇದೇ ಆಟ ಆಡಿ ಬರೆದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ವ್ಯತ್ಯಾಸ ನಿಜವಾಗ್ಲೂ ಇರ್ಬೇಕು."

"ಹಾಗಾದ್ರೆ ಬೆಳ್ಳಿ ಕಾರಿಗೆ ಇನ್ನೊಂದು ಹಾಳೆ ಅಂಟಿಸಿ."

"ಎರಡು ಹಾಕಿದ್ರೂ ಇದಕ್ಕಿಂತ ಚೆನ್ನಾಗಿ ಆಗಲ್ಲ ಅಂತ ಎಂಜಿನಿಯರುಗಳು ಹೇಳಿದ್ರು. ನಿಮ್ಮ ಬಾಗಿಲು ಈಗಾಗ್ಲೇ ಅಷ್ಟು ಚೆನ್ನಾಗಿದೆ." ಹೊಗಳುವ ದನಿಯಲ್ಲೇ ಹೇಳಿದಳು. "ಅದಕ್ಕೆ ಹಳೇ ಕಾರಿಂದ ಹಾಳೆ ತೆಗೀತಿದ್ದೀವಿ. ರಬ್ಬರೂ ಒಂದೇ ಸಾಲು. ಹೇಗಿದ್ರೂ ಗುರುತು ಇಲ್ಲದ ಕಾರಲ್ಲಿ ಜನ ಒಳ್ಳೇ ಸದ್ದನ್ನ ಕೇಳಿಸಿಕೊಳ್ಳೋದೇ ಇಲ್ಲ. ನಿಮ್ಮ ಕಾಗದದಲ್ಲೇ ಇದೆಯಲ್ಲ, ಕಿವಿ ಕೇಳೋದು ಗುರುತು ಹೇಳಿದ್ದನ್ನ."

ನನಗೆ ಮೈ ಉರಿಯಿತು. ನನ್ನ ತಪ್ಪನ್ನು ನಾನೇ ಬರೆದುಕೊಟ್ಟಿದ್ದೆ. ಅದನ್ನೇ ಆಯುಧ ಮಾಡಿಕೊಂಡು ಇವರು ದಾದಿಯರ ಬಾಗಿಲಿಗೆ ಕೈ ಹಾಕಿದ್ದರು.

"ಪಕ್ಕದವನ ಕಾಲು ಕತ್ತರಿಸಿ ನಾನು ಎತ್ತರ ಅಂದ ಹಾಗಾಯ್ತು ಮೇಡಂ ಇದು."

"ಕಾಲಲ್ಲ ಅಮ್ಮ, ಎಕ್ಕಡದ ಹಿಮ್ಮಡಿ ಅಂದ್ಕೊಳ್ಳಿ," ಎಂದು ನಕ್ಕು ಎದ್ದಳು. ಶುಕ್ರವಾರ ಹಳೇ ಕಾರಿನ ಹೊಸ ಮಾದರಿ ಬಾಗಿಲು ಬರುತ್ತದೆ, ಹಿರಿಯ ತಪಾಸಕಿಯಾದ ನಾನು ಅದಕ್ಕೆ ಸಹಿ ಹಾಕಬೇಕು ಎಂದಳು. ಸಹಿ ಬಿದ್ದರೆ ಅವತ್ತಿನಿಂದ ಆ ಡಬ್ಬಿಯ ಸದ್ದೇ ಸರಿಯಾದ ಸದ್ದು. ಮುಂದೆ ಬರುವವರು ಬೆಳಿಗ್ಗೆ ಮೂರು ಸಲ ಅದನ್ನೇ ಕೇಳಿ ಕಿವಿ ಹದಮಾಡಿಕೊಳ್ಳುತ್ತಾರೆ. ನನ್ನ ಹೆಸರಿನ ಕೆಳಗೆ.

ಆ ಸಂಜೆ ಮನೆಯಲ್ಲಿ ಮಾತು ತೆಗೆಯುವುದು ಬೇಡವೆಂದುಕೊಂಡಿದ್ದೆ. ಅಳಿಯಂದಿರಿಗೆ ಅಂಗಡಿಯಲ್ಲೇ ಸುದ್ದಿ ಮುಟ್ಟಿತ್ತು.

"ಅತ್ತೆ, ಶುಕ್ರವಾರ ಸಹಿ ಅಂತಲ್ಲ? ಬೇಗ ಮುಗಿಸಿಬಿಡಿ. ನಮಗೆ ಅಲ್ಲಿ ಉಸಿರು ಕಟ್ಟಿದೆ. ಬಂದವರು ಬಾಗಿಲು ಹಾಕ್ತಾರೆ, ರಸ್ತೆ ಆಚೆ ಹಳೇ ಅಂಗಡಿಗೆ ಹೋಗಿ ಅಲ್ಲೂ ಹಾಕ್ತಾರೆ, ವಾಪಸು ಬಂದು ನನ್ನ ಮುಖ ನೋಡ್ತಾರೆ. ನಾನೇನು ಹೇಳ್ಲಿ?"

"ಇದ್ದದ್ದು ಹೇಳಿ. ಚರ್ಮ ಚೆನ್ನಾಗಿದೆ, ಮರ ಚೆನ್ನಾಗಿದೆ, ಬಾಗಿಲು ಎರಡಕ್ಕೂ ಒಂದೇ ಅಂತ."

"ಅಯ್ಯೋ ಅತ್ತೆ! ಜನ ಬಾಗಿಲು ಕೊಳ್ಳೋದಿಲ್ಲ. ಬಾಗಿಲು ಹಾಕಿದಾಗ ಪಕ್ಕದ ಮನೆಯವನು ತಿರುಗಿ ನೋಡ್ತಾನಲ್ಲ, ಅದನ್ನ ಕೊಳ್ತಾರೆ."

"ತಿರುಗಿ ನೋಡೋನಿಗೆ ದುಡ್ಡು ಇವರು ಯಾಕೆ ಕೊಡ್ಬೇಕು?" ಎಂದಳು ಬಟ್ಟೆ ಮಡಿಸುತ್ತಿದ್ದ ಮಗಳು.

"ನೀನು ಸುಮ್ನಿರು. ಈ ಅಂಗಡಿ ಮುಚ್ಚಿದ್ರೆ ನಾನು ಮತ್ತೆ ಹಳೇ ಅಂಗಡಿಗೆ ಹೋಗಿ ಕಿರಿಯನ ಕೈಕೆಳಗೆ ನಿಲ್ಬೇಕು." ಆಮೇಲೆ ನನ್ನ ಕಡೆ ತಿರುಗಿದರು. ದನಿ ಇಳಿದಿತ್ತು. "ಒಂದು ಸಹಿ ಅತ್ತೆ. ಕಾರೇನು ನಿಂತುಹೋಗುತ್ತಾ? ಯಾರಿಗಾದ್ರೂ ಪೆಟ್ಟಾಗುತ್ತಾ? ಬರೀ ಸದ್ದು."

ನನಗೂ ಅದೇ ಪ್ರಶ್ನೆ ಇತ್ತು. ಬರೀ ಸದ್ದು ತಾನೇ? ಆದರೆ ಮೂವತ್ತೊಂದು ವರ್ಷ ನಾನು ಮಾಡಿದ್ದೂ ಬರೀ ಅದನ್ನೇ. ರಾತ್ರಿ ಪಾಳಿ ಮುಗಿಸಿದ ಒಬ್ಬ ದಾದಿ ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡಾಗ, ಇನ್ನು ಯಾರೂ ನನ್ನನ್ನು ಕರೆಯುವುದಿಲ್ಲ ಎಂದು ಆ ಬಾಗಿಲು ಹೇಳಬೇಕು. ಅದಕ್ಕೆ ಅವಳು ಬೇರೆ ಬೆಲೆ ಕೊಡಬೇಕಾಗಿರಲಿಲ್ಲ. ಅವಳಿಗೆ ಅದು ಗೊತ್ತೂ ಇರಲಿಲ್ಲ. ಗೊತ್ತಿಲ್ಲದವರಿಂದ ಕಿತ್ತುಕೊಳ್ಳುವುದು ಸುಲಭ.

"ಸಹಿ ಹಾಕೋದಿಲ್ಲ ಅಪ್ಪಾ," ಎಂದೆ.

ಅವರು ತಟ್ಟೆ ಬಿಟ್ಟು ಎದ್ದರು. ಶುಕ್ರವಾರ ಬೆಳಿಗ್ಗೆ ಮುಖ ಊದಿಸಿಕೊಂಡೇ ನನ್ನನ್ನು ಕಾರ್ಖಾನೆಗೆ ಬಿಟ್ಟರು. ಆದರೆ ನಾನು ಗೇಟು ದಾಟಿ ಒಳಗೆ ಹೋಗುವವರೆಗೆ ಕಾರು ಅಲ್ಲೇ ನಿಂತಿತ್ತು.

ಕೋಣೆಯಲ್ಲಿ ಹೊಸ ಬಾಗಿಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದರು. ಬೆಳ್ಳಿ ಮೇಡಂ, ಮೆಲ್ಲಗಣ್ಣ, ನಾನು. ಗಾಜಿನಾಚೆ ಲೈನು ಓಡುತ್ತಿತ್ತು. ಕಣ್ಣು ಮುಚ್ಚಿಕೊಂಡು ಮೂರು ಸಲ ಹಾಕಿದೆ. ಮೂರು ಸಲವೂ ಡಬ್ಬಿ. ಕಾಗದದಲ್ಲಿ ಎರಡು ಚೌಕ ಇದ್ದವು, ಒಪ್ಪಿದೆ, ಒಪ್ಪಿಲ್ಲ. ಎರಡನೆಯದಕ್ಕೆ ಗುರುತು ಹಾಕಿ, ಕಾರಣ ಎಂಬಲ್ಲಿ 'ಮೊದಲಿನದಕ್ಕಿಂತ ಬೇಕೆಂದೇ ಕೆಟ್ಟದಾಗಿ ಮಾಡಲಾಗಿದೆ' ಎಂದು ಬರೆದು ಸಹಿ ಹಾಕಿದೆ.

ಬೆಳ್ಳಿ ಮೇಡಂ ಓದಿದಳು. ಸಿಟ್ಟು ತೋರಿಸಲಿಲ್ಲ. "ಅಮ್ಮ, ಇದು ಚೆನ್ನಾಗಿದೆಯಾ ಅಂತ ನಾವು ಕೇಳಿಲ್ಲ. ನಕ್ಷೆಯ ಪ್ರಕಾರ ಇದೆಯಾ ಅಂತ ಕೇಳಿದ್ದು."

"ನಕ್ಷೆ ನೋಡೋಕೆ ಕಣ್ಣಿರೋರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನ ಇಟ್ಕೊಂಡಿರೋದು ಕಿವಿಗೆ."

"ಮೆಲ್ಲಗೆ, ಮೆಲ್ಲಗೆ," ಎಂದರು ಮೆಲ್ಲಗಣ್ಣ, ಇಬ್ಬರಿಗೂ ಸೇರಿಸಿ.

"ಹಿರಿಯ ತಪಾಸಕಿ ಒಪ್ಪದಿದ್ರೆ ಏನು ನಿಯಮ?" ಎಂದು ಆಕೆ ಅವರನ್ನು ಕೇಳಿದಳು.

"ಒಂದು ವರ್ಷ ಹಳೇ ಮಾದರಿನೇ ನಡೀಬೇಕು ಮೇಡಂ. ತಪಾಸಕಿ ಆ ಕೆಲಸಕ್ಕೆ ಯೋಗ್ಯರಲ್ಲ ಅಂತ ಆದ್ರೆ ಮಾತ್ರ ಮುಂದಿನವರು ಸಹಿ ಹಾಕಬಹುದು."

ಆಕೆಗೆ ಇದು ಮೊದಲೇ ಗೊತ್ತಿತ್ತು. ಚೀಲದಿಂದ ಇನ್ನೊಂದು ಕಾಗದ ತೆಗೆದಳು. ಟೈಪು ಮಾಡಿಸಿಕೊಂಡೇ ತಂದಿದ್ದಳು: ವಯಸ್ಸಿನಿಂದಾಗಿ ನನ್ನ ಕಿವಿ ಮಂದವಾಗಿದೆ, ಐದು ಕಾರುಗಳ ವಿಷಯದಲ್ಲಿ ನಾನೇ ಅದನ್ನು ಒಪ್ಪಿಕೊಂಡಿದ್ದೇನೆ, ಉಪಕರಣಗಳ ಉಗ್ರಾಣಕ್ಕೆ ವರ್ಗವಾಗಲು ನನ್ನ ಸಮ್ಮತಿ ಇದೆ.

"ಶಿಕ್ಷೆ ಅಲ್ಲಮ್ಮ ಇದು. ಅಲ್ಲಿ ಕೂತು ಮಾಡೋ ಕೆಲಸ. ನಿಮ್ಮ ಮಂಡಿಗೂ ಒಳ್ಳೇದು."

ಮಂಡಿಯ ವಿಷಯ ಯಾರು ಹೇಳಿದ್ದರೋ. ಆಕೆ ಅದನ್ನು ನೆನಪಿಟ್ಟುಕೊಂಡದ್ದು ನನಗೆ ಇಷ್ಟವಾಯಿತು, ಕಾಗದ ಇಷ್ಟವಾಗಲಿಲ್ಲ.

"ಮಂಡಿ ಹೋಗಿದೆ ಮೇಡಂ, ನಿಜ. ಕಿವಿ ಹೋಗಿಲ್ಲ. ಡಾಕ್ಟರ ಹತ್ತಿರ ಕಳಿಸಿ. ಅವರ ಯಂತ್ರಕ್ಕೆ ಬೆಳ್ಳಿ ಎಲೆ ಅಂಟಿಸಿರಲ್ಲ."

"ಐದು ಕಾರು ಬಿಟ್ಟಿದ್ದೀರಿ."

"ಬಿಟ್ಟಿದ್ದೀನಿ. ಬೇರೆ ಯಾರಾದ್ರೂ ಹಿಡಿದ್ರಾ? ನಾನೇ ಬರೆದುಕೊಟ್ಟೆ. ಈಗ್ಲೇ ಪರೀಕ್ಷೆ ಮಾಡಿ. ಹತ್ತು ಕಾರು ತರಿಸಿ, ಕೆಲವಕ್ಕೆ ಹಾಳೆ ಹಾಕಿಸಬೇಡಿ, ಗುರುತೆಲ್ಲ ಮುಚ್ಚಿ. ಒಂದು ತಪ್ಪು ಹೇಳಿದ್ರೂ ಉಗ್ರಾಣಕ್ಕೆ ಹೋಗ್ತೀನಿ."

ಮೆಲ್ಲಗಣ್ಣ ಆಕೆಯ ಮುಖ ನೋಡಿದರು. ಗುರುತು ಮುಚ್ಚಿದ ಹತ್ತು ಕಾರುಗಳ ಸಾಲನ್ನು ಆಕೆ ಮನಸ್ಸಿನಲ್ಲೇ ನೋಡುತ್ತಿದ್ದಳೆಂದು ಕಾಣುತ್ತದೆ: ಯಾವುದು ಬೆಳ್ಳಿಯದು, ಯಾವುದು ಹಳೇದು ಎಂದು ಆಕೆಗೂ ತಿಳಿಯುತ್ತಿರಲಿಲ್ಲ.

"ಗುರುತು ಮುಚ್ಚೋ ಹಾಗಿಲ್ಲ," ಎಂದಳು ಕೊನೆಗೆ. "ಕಂಪನಿಯ ಒಳಗೇ ಅಂಥ ಪರೀಕ್ಷೆ ನಡೀತು ಅಂತ ಹೊರಗೆ ಗೊತ್ತಾಗಬಾರದು."

"ಹಾಗಾದ್ರೆ ಕೆಟ್ಟಿರೋದು ನನ್ನ ಕಿವಿ ಅಲ್ವಲ್ಲ."

ಎರಡನೆಯ ಕಾಗದವನ್ನು ಸಹಿ ಹಾಕದೆ ಆಕೆಯ ಕಡೆ ತಿರುಗಿಸಿಟ್ಟೆ. ಪೆನ್ನಿನ ಮುಚ್ಚಳ ಹಾಕಿ ಅದನ್ನೂ ಪಕ್ಕದಲ್ಲಿಟ್ಟೆ. ಮೆಲ್ಲಗಣ್ಣ ಮೇಜಿನ ಮೇಲಿದ್ದ ನನ್ನ ಮುದ್ರೆಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. "ಲೈನು ನಿಂತಿದೆ ಅಮ್ಮ," ಎಂದರು, ಈ ಸಲ ಅಷ್ಟೇನೂ ಮೆಲ್ಲಗಲ್ಲ. "ಕಾರುಗಳು ಕಾಯ್ತಿವೆ."

ಗಾಜಿನಾಚೆ ಗೋಂದಮ್ಮ ನಿಂತಿದ್ದಳು. ಸ್ಪಂಜಿನ ಗೋಡೆಯಿಂದಾಗಿ ಅವಳಿಗೆ ಒಂದಕ್ಷರವೂ ಕೇಳಿಸಿರಲಿಕ್ಕಿಲ್ಲ, ಮುಖಗಳನ್ನು ಓದಿರಬೇಕು. ಕೋಣೆಯ ಬಾಗಿಲು ತೆಗೆದು, ಬಣ್ಣ ಹೊಡೆಯುವಾಗ ಅಂಚಿಗೆ ಹಚ್ಚುವ ಅಗಲ ಕಾಗದದ ಟೇಪನ್ನು ಅವಳಿಂದ ಕೇಳಿ ತೆಗೆದುಕೊಂಡೆ. ಸುಲಭವಾಗಿ ಸಿಗಲೆಂದು ತುದಿಯನ್ನು ಉಗುರಿನಿಂದ ಎಬ್ಬಿಸಿ ಕೊಟ್ಟಳು.

ಮೊದಲು ಬಂದದ್ದು ಬೆಳ್ಳಿ ಕಾರು. ಮೂತಿಯ ಎಲೆಯ ಮೇಲೆ ಎರಡು ಪಟ್ಟಿ ಟೇಪು ಅಡ್ಡ ಅಂಟಿಸಿದೆ. ಹಿಂದಿನ ಎಲೆಯ ಮೇಲೂ ಅಂಟಿಸಿದೆ.

"ಏನು ಮಾಡ್ತಿದ್ದೀರಿ?" ಎಂದಳು ಬೆಳ್ಳಿ ಮೇಡಂ.

"ತಪ್ಪು ತಿದ್ಕೊಳ್ತಿದ್ದೀನಿ. ಬರೆದುಕೊಟ್ಟ ಮೇಲೆ ತಿದ್ಕೊಬೇಕಲ್ಲ."

"ಇವರನ್ನ ನಿಲ್ಲಿಸ್ರೀ."

"ಅಂಟಿಸಬಾರದು ಅಂತ ಎಲ್ಲೂ ಬರೆದಿಲ್ಲ ಮೇಡಂ," ಎಂದರು ಮೆಲ್ಲಗಣ್ಣ. "ಬಣ್ಣಕ್ಕೂ ಏನೂ ಆಗಲ್ಲ, ಆಮೇಲೆ ಕಿತ್ತರೆ ಬರುತ್ತೆ."

ಆ ಗಳಿಗೆಯಲ್ಲಿ ಆಕೆ ನನ್ನ ಮುದ್ರೆಯನ್ನು ಕಿತ್ತುಕೊಳ್ಳಬಹುದಿತ್ತು. ನಾಳೆಯೋ ನಾಳಿದ್ದೋ ಮೇಲಿನವರಿಂದ ಆದೇಶ ತಂದು ಕಿತ್ತುಕೊಂಡರೂ ಕೊಂಡಾಳು ಎಂದುಕೊಂಡೆ. ಕಿತ್ತುಕೊಳ್ಳಲಿ. 'ಒಪ್ಪಿಲ್ಲ' ಎಂಬ ಚೌಕದಲ್ಲಿ ಬಿದ್ದ ಶಾಯಿಯನ್ನು ಅಳಿಸಲು ಯಾರ ಆದೇಶಕ್ಕೂ ಆಗದು.

ಮುಂದಿನ ಎರಡು ಬಾಗಿಲು ಹಾಕಿದೆ, ಸರಿಯಿದ್ದವು. ಹಿಂದೆ ಬಲಗಡೆಯದೂ ಸರಿ. ಎಡಗಡೆಯದು ಠಣ್ ಎಂದು, ಸಣ್ಣಗೆ ಗೊಣಗಿತು. ಇನ್ನೊಮ್ಮೆ ಹಾಕಿದೆ, ಮತ್ತೆ ಅದೇ. ಮುದ್ರೆ ಒತ್ತದೆ, ಚೀಟಿಯ ಮೇಲೆ 'ವಾಪಸು' ಎಂದು ಬರೆದೆ.

"ಅಮ್ಮ, ಅದು ಬೆಳ್ಳಿ ಕಾರು," ಎಂದಳು ಆಕೆ. "ಇವತ್ತು ಸಂಜೆ ಒಬ್ಬರು ದೊಡ್ಡ ಗಿರಾಕಿಗೆ ಹೋಗ್ಬೇಕು."

"ಹೌದಾ? ನನಗೆ ಕಾಣಿಸ್ತಿಲ್ಲ ಮೇಡಂ," ಎಂದೆ. ಚೀಟಿಯನ್ನು ಕಾರಿನ ಗಾಜಿಗೆ ಸಿಕ್ಕಿಸಿ, ಮುಂದಿನ ಕಾರನ್ನು ಬಿಡಿ ಎಂದು ಲೈನಿನವರಿಗೆ ಕೈ ಮಾಡಿದೆ.